ಕೆರೆ ಕೆಳಗಿನ ಚಾಕಿ ಮನೆಯ ಸೆಟ್ಟಿಂಗು

ನಾನೊಂದು ಸೆಟ್ಟಿಂಗ್ಸ್ ಫೈಲು. ಮೈಯಿಲ್ಲ, ಮುಖವಿಲ್ಲ, ಇರುವುದು ನಾಲ್ಕಾರು ಸಾಲು. ಆದರೂ ಒಂದು ಮನೆಯ ಬಾಳು ನನ್ನನ್ನು ನೆಚ್ಚಿಕೊಂಡಿತ್ತು.

ನಾನು ಹುಟ್ಟಿದ್ದು ಶಿಡ್ಲಘಟ್ಟದ ಕಡೆಯ ಒಂದು ಚಾಕಿ ಮನೆಯಲ್ಲಿ. ರೇಷ್ಮೆ ಹುಳದ ಮರಿಗಳನ್ನು ಸಾಕಿ, ಎರಡನೇ ಜ್ವರ ದಾಟಿಸಿ ರೈತರಿಗೆ ಕೊಡುವ ಜಾಗ ಅದು. ಹುಳ ಮೇವು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಯಜಮಾನಿ ಮುನಿರತ್ನಮ್ಮ. ಕೋಣೆಗೆ ತೇವ ಊದುವ ಯಂತ್ರದ ಸಾಫ್ಟ್‌ವೇರ್ ಬರೆದವಳು ತಬಸ್ಸುಮ್. ಎಲ್ಲ ಚಾಕಿ ಮನೆಗಳಿಗೂ ಸೇರಿ ಒಂದು ಸಾಮಾನ್ಯ ಫೈಲಿತ್ತು, ನನ್ನ ದೊಡ್ಡಣ್ಣ. ಜ್ವರದಲ್ಲೂ ತೇವ ಊದು ಎನ್ನುವುದು ಅವನ ಕಟ್ಟಳೆ.

"ನಮ್ದು ಕೆರೆ ಕೆಳಗಿನ ಜಾಗ ಕಣಮ್ಮ. ಗೋಡೆನೇ ನೀರ್ ಕುಡ್ದೈತೆ. ಜ್ವರಕ್ಕೆ ಕೂತಾಗ ನಿನ್ ಮಿಷಿನ್ನು ತೆಪ್ಪಗಿರ್ಲಿ," ಎಂದರು ಮುನಿರತ್ನಮ್ಮ.

ತಬಸ್ಸುಮ್ ಹುಳದ ತಟ್ಟೆಗಳ ನಡುವೆಯೇ ಕೂತು ನನ್ನನ್ನು ಬರೆದಳು; ಜ್ವರದಲ್ಲಿ ಊದಬೇಡ ಎನ್ನುವುದು ನನ್ನ ಮುಖ್ಯ ಸಾಲು. ಸಾಫ್ಟ್‌ವೇರ್ ಹೊಸದಾಗಿ ಬಿಲ್ಡ್ ಮಾಡಿದಾಗಲೆಲ್ಲ ಮೊದಲು ಅಣ್ಣನ ಮಾತು, ಆಮೇಲೆ ನನ್ನದು; ಜಗಳ ಬಂದರೆ ಈ ಮನೆಯಲ್ಲಿ ನನ್ನದೇ ಗೆಲುವು. ಜಂಬವಿತ್ತು, ಸುಳ್ಳೇಕೆ ಹೇಳಲಿ?

ತಬಸ್ಸುಮ್ ಬೇರೆ ಕೆಲಸಕ್ಕೆ ಹೋದಳು. ಅವಳ ಜಾಗಕ್ಕೆ ಸೇರಿದ ಭರತೇಶನ ಕೈಗೆ ನಾನು ಬಂದೆ. ಕೆಟ್ಟವನಲ್ಲ, ಅಚ್ಚುಕಟ್ಟಿನ ಹುಚ್ಚು. ಎಲ್ಲ ಮನೆಗಳ ಫೈಲುಗಳನ್ನೂ ಹರಡಿಕೊಂಡು ನೋಡಿದ. ಜ್ವರಕ್ಕೆ ಬೇರೆ ಮಾತಾಡುವವನು ನಾನೊಬ್ಬನೇ. ಏಕೆಂದು ತಬಸ್ಸುಮ್ ಬರೆದಿಟ್ಟಿರಲಿಲ್ಲ. "ಟೆಸ್ಟಿಂಗಿಗೆ ಹಾಕಿ ಮರ್ತಿರ್ಬೇಕು," ಎಂದು ಆ ಸಾಲನ್ನು ಅಳಿಸಿ, ಹೊಸ ಬಿಲ್ಡ್ ಕಳಿಸಿದ. ನನಗಿದ್ದ ಬಾಯಿ ಆ ಒಂದು ಸಾಲು, ಅದೇ ಹೋಗಿತ್ತು.

ಜ್ವರಕ್ಕೆ ಕೂತ ಹುಳವನ್ನು ಯಾರೂ ಕದಲಿಸಬಾರದು. ಬಾಗಿಲು ಎಳೆದುಕೊಂಡು ಹೊರಗಿರುವುದು ಮುನಿರತ್ನಮ್ಮನವರ ರೂಢಿ. ಹಾಗೆಯೇ ಇದ್ದರು. ಒಳಗೆ ಯಂತ್ರ ಅಣ್ಣನ ಕಟ್ಟಳೆಯಂತೆ ಊದುತ್ತಲೇ ಇತ್ತು. ಬಾಗಿಲು ತೆಗೆದಾಗ ಹುಳದ ಕೆಳಗಿನ ಸೊಪ್ಪಿನ ಹಾಸಿಗೆಯೆಲ್ಲ ತೊಪ್ಪೆ. ಅರ್ಧ ಕಳಚಿದ ಪೊರೆಯಲ್ಲೇ ಮರಿಗಳು ಸಿಕ್ಕಿ ಸತ್ತಿದ್ದವು. ಮಾತು ಕೊಟ್ಟಿದ್ದ ರೈತರು ಬುಟ್ಟಿ ಹಿಡಿದು ಬಂದು ಬರಿಗೈಯಲ್ಲಿ ಹೋದರು. ಮುನಿರತ್ನಮ್ಮ ಸತ್ತ ಮರಿಗಳನ್ನು ಗುಂಡಿಗೆ ಸುರಿದು ಸುಣ್ಣ ಹಾಕುತ್ತಿದ್ದರೆ ನನಗೆ ಸಂಕಟ ತಡೆಯಲಾಗಲಿಲ್ಲ.

ಭರತೇಶ ಓಡಿಬಂದ.

"ಒಂದ್ ಫೋನ್ ಮಾಡಿ ಕೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತಪ್ಪಾ?"

"ತಪ್ಪಾಯ್ತಮ್ಮ."

ಅಲ್ಲೇ ಕೂತು ಸಾಲನ್ನು ಮತ್ತೆ ಬರೆದ. ಅದರ ಮೇಲೆ ಕಾರಣವನ್ನೂ ಬರೆದು, ಕೇಳದೆ ಯಾರೂ ಮುಟ್ಟಬೇಡಿ ಎಂದು ಸೇರಿಸಿದ.

ಈಗ ನಾನು ಮುದುಕ. ನನ್ನಲ್ಲಿ ಒಂದು ತಪ್ಪೂ ಇಲ್ಲ. ಪ್ರತಿ ಬಿಲ್ಡಿನಲ್ಲೂ ನನ್ನನ್ನು ತಪ್ಪದೆ ಓದುತ್ತಾರೆ, ತಪ್ಪದೆ ಆ ಮನೆಗೆ ಕಳಿಸುತ್ತಾರೆ. ಅಲ್ಲಿ ಮುನಿರತ್ನಮ್ಮ ಯಂತ್ರದ ವೈರು ಕಿತ್ತು ಸುತ್ತಿಟ್ಟಿದ್ದಾರೆ. ಜ್ವರದ ದಿನ ಕೋಣೆಯೊಳಗೇ ಗೋಡೆಗೊರಗಿ ಕೂರುತ್ತಾರೆ, ಕಣ್ಣು ಮುಚ್ಚುವುದಿಲ್ಲ.