ಅಯ್ಯನೋರ ಪುರಸೊತ್ತು

ಬಳ್ಳಾರಿಯ ಮಿಷನ್ ಕಾಂಪೌಂಡಿನಿಂದ ಬಿಳಿ ಪಾದ್ರಿ ದೊರೆ ಹಡಗು ಹತ್ತಿ ಹೋದ ಮೇಲೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆಯ ಸಭೆಗಳು ಪಾಲಯ್ಯ ಪಾದ್ರಿಯ ಹೆಗಲಿಗೆ ಬಿದ್ದವು. ದೊರೆಗೆ ಕಾರಿತ್ತು, ಅಡುಗೆಯವನಿದ್ದ, ಕೈಕೆಳಗೆ ಇಬ್ಬರು ಬೋಧಕರಿದ್ದರು. ಪಾಲಯ್ಯನಿಗೆ ಒಂದು ಕೊಡೆ ಇತ್ತು. ದೊರೆ ವರಾಂಡದಲ್ಲಿ ಕಣ್ಣು ಮುಚ್ಚಿ ಕೂತರೆ ‘ಧ್ಯಾನದಾಗ ಅದಾರ’ ಎಂದು ಜನ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ರಾರಾವಿಯ ಕೇರಿಯಲ್ಲಿ ಹುಟ್ಟಿದ ಪಾಲಯ್ಯ ಅದೇ ವರಾಂಡದಲ್ಲಿ ಒಂದು ಗಳಿಗೆ ಕೂತರೆ ‘ಅಯ್ಯನೋರು ಪುರಸೊತ್ತಾಗಿ ಅದಾರ’ ಎಂದು ಕೆಲಸ ಹೊತ್ತು ತರುತ್ತಿದ್ದರು.

ಹೀಗೆ ತರುವವರಲ್ಲಿ ಮೊದಲಿಗ ಸಭೆಯ ಹಿರಿಯ ಸಾಲೊಮನ್ ರಂಗಣ್ಣ. ರೈಲ್ವೆ ಪೆನ್ಶನ್‌ದಾರ. ಅವನ ಪ್ರಕಾರ ಪಾದ್ರಿಗೆ ಭಾನುವಾರ ಡ್ಯೂಟಿ, ಉಳಿದ ವಾರವೆಲ್ಲ ಪುರಸೊತ್ತು.

ಅಷ್ಟೊಂದು ಪುರಸೊತ್ತಿನಲ್ಲಿ ಪಾಲಯ್ಯನಿಗೆ ಸ್ವಂತ ಮಗನಿಗೊಂದು ಹೆಸರಿಡಲು ಆಗಿರಲಿಲ್ಲ. ಕೂಸಿಗೆ ಹಲ್ಲು ಬಂದಿದ್ದವು, ಹೆಸರು ಬಂದಿರಲಿಲ್ಲ. ಹೆಸರಿಡುವ ದೀಕ್ಷಾಸ್ನಾನ ಭಾನುವಾರವೇ, ಸಭೆಯ ಮುಂದೆಯೇ, ಪ್ರಕಟಣೆಗಳಾದ ಮೇಲೆಯೇ ಆಗಬೇಕೆಂಬುದು ಹಿರಿಯರ ನೇಮ. ಪ್ರಕಟಣೆ ಓದುವವನು ರಂಗಣ್ಣ. ಕಳೆದುಹೋದ ಮೇಕೆಯವರೆಗೂ ಓದಿ ಮುಗಿಸುವಷ್ಟರಲ್ಲಿ ಕುರುಗೋಡಿಗೆ ಹೋಗುವ ಇದ್ದಲಿನ ಹೊಗೆಬಸ್ಸು ಗೇಟಿನ ಮುಂದೆ ಹಾರನ್ ಹೊಡೆಯುತ್ತಿತ್ತು. ಅಲ್ಲಿಯ ಆರಾಧನೆಗೆ ಜನ ಕಾದಿರುತ್ತಿದ್ದರು. ಪಾಲಯ್ಯ ಓಡುತ್ತಿದ್ದ. ಬೇರೆಯವರ ಕೂಸಾಗಿದ್ದರೆ ರಂಗಣ್ಣ ಪ್ರಕಟಣೆ ಮೊಟಕು ಮಾಡುತ್ತಿದ್ದ. ಪಾದ್ರಿಯ ಕೂಸು ತಾನೆ, ಮುಂದಿನ ವಾರವೂ ಅಲ್ಲೇ ಇರುತ್ತದೆ.

ರಾರಾವಿಯಿಂದ ಬಂದ ಪಾಲಯ್ಯನ ತಾಯಿ ಮಾರೆಮ್ಮ ಇದನ್ನೆಲ್ಲ ನೋಡಿದಳು. ಅವಳು ಇನ್ನೂ ಎಲ್ಲಮ್ಮನ ಒಕ್ಕಲು.

“ನಿಮ್ಮ ದೇವರಿಗೆ ಪುರಸೊತ್ತಿಲ್ಲಂದ್ರ ನಮ್ಮ ಎಲ್ಲಮ್ಮಗ ಐತಿ ಬಿಡಲೇ. ಸೋಮಾರ ಕೂಸಿನ್ನ ಕರ್ಕೊಂಡು ಹೋಗಿ ಅಲ್ಲೇ ಹೆಸರು ಇಡಸ್ತೀನಿ.”

ಪಾದ್ರಿಯ ಮಗನಿಗೆ ಎಲ್ಲಮ್ಮನ ಮುಂದೆ ಹೆಸರಿಟ್ಟರೆ ಪಾದ್ರಿಗಿರಿ ಅಲ್ಲಿಗೆ ಮುಗಿದಂತೆ. ಪಾಲಯ್ಯ ರಂಗಣ್ಣನ ಮನೆಗೆ ಹೋದ. ಆಗಷ್ಟೇ ಸಿರುಗುಪ್ಪದ ಬಸ್ಸಿಳಿದಿದ್ದ, ಅಂಗಿಯ ತೋಳಿಗೆ ರಕ್ತ ಮೆತ್ತಿತ್ತು.

“ಏನ್ರಿ ಅಯ್ಯನೋರೆ, ತಿರುಗಾಡಾಕ ಹೋಗಿದ್ರೇನು?”

“ಅಕ್ಕಿ ಮಿಲ್ಲಿನ ಬೆಲ್ಟಿಗೆ ನಮ್ಮ ಸಭೆಯ ಎರ್ರಣ್ಣನ ಕೈ ಸಿಕ್ಕಿತ್ರಿ. ಕುಡಿದಿದ್ದ ಅಂತಾನ ಮಾಲೀಕ. ಜಗಳ ಆಡಿ ಬಂದೆ.”

“ಅದು ಪಾದ್ರಿ ಕೆಲಸೇನ್ರಿ? ಪುರಸೊತ್ತು ಹೆಚ್ಚಾದ್ರ ಹಿಂಗಽ ಆಗತೈತಿ.”

“ಈ ಭಾನುವಾರ ಕುರುಗೋಡಿಗೆ ಹೋಗಂಗಿಲ್ರಿ. ಕೂಸಿನ ದೀಕ್ಷಾಸ್ನಾನ ಮಾಡಬೇಕು.”

“ವಾರಕ್ಕ ಒಂದಽ ದಿನ ಕೆಲಸ, ಅದರಾಗೂ ರಜಾ ಅಂದ್ರ ಜನ ನಗ್ತಾರ. ಹೊಂಟ್ರೇನು? ನಮ್ಮ ಎಮ್ಮಿ ಹಾಲು ಕೊಡವಲ್ದು, ಒಂದು ಪ್ರಾರ್ಥನಿ ಮಾಡಿ ಹೋಗ್ರಿ. ಹೆಂಗೂ ಪುರಸೊತ್ತಾಗಿ ಅದೀರಿ.”

ಪಾಲಯ್ಯ ಪ್ರಾರ್ಥನೆ ಮಾಡಿದ. ‘ಆಮೆನ್’ ಅನ್ನುವ ಹೊತ್ತಿಗೆ ಎಮ್ಮೆ ಅವನ ಕೊಡೆಯ ಬಟ್ಟೆ ಅಗಿಯುತ್ತಿತ್ತು. ನಡೆದದ್ದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಅಂಬಮ್ಮ ಕೇಳುತ್ತಲೇ ಕೊಡೆಗೆ ತೇಪೆ ಹಾಕಿದಳು.

ಭಾನುವಾರ ರಂಗಣ್ಣ ಪ್ರಕಟಣೆ ಶುರು ಮಾಡಿದ. ಮೇಕೆ ಇನ್ನೂ ಸಿಕ್ಕಿರಲಿಲ್ಲ. ಮಧ್ಯದಲ್ಲೇ ಅಂಬಮ್ಮ ಕೂಸನ್ನು ಎತ್ತಿಕೊಂಡು ಹೆಂಗಸರ ಚಾಪೆಯಿಂದೆದ್ದು ನೀರಿನ ಬಟ್ಟಲಿನ ಮುಂದೆ ಬಂದು ನಿಂತಳು.

“ಪ್ರಕಟಣಿ ಇನ್ನೂ ಮುಗಿದಿಲ್ಲವ್ವಾ,” ಎಂದ ರಂಗಣ್ಣ.

“ಓದ್ರಿ ಹಿರಿಯಾರ. ನಾ ನಿಂತಿರ್ತೀನಿ.”

ರಂಗಣ್ಣ ಓದಲು ನೋಡಿದ. ಅವನನ್ನು ಯಾರೂ ನೋಡುತ್ತಿರಲಿಲ್ಲ. ಹೊರಗೆ ಬಸ್ಸು ಹಾರನ್ ಹೊಡೆಯಿತು. ಪಾಲಯ್ಯ ಬಾಗಿಲಿನತ್ತ ಒಮ್ಮೆ ನೋಡಿ, ಹೆಂಡತಿಯತ್ತ ತಿರುಗಿ, ಮಗನನ್ನು ಎತ್ತಿಕೊಂಡ.

“ಈ ಕೂಸಿಗೆ ಹೆಸರೇನು?” ಎಂದು ಕ್ರಮದಂತೆ ಕೇಳಿದ.

“ಪುರಸೊತ್ತಪ್ಪ.”

“ಪುರುಷೋತ್ತಮಪ್ಪ ಅಂತ ಹೆಂಗ ಇಡ್ತೀರಿ?” ರಂಗಣ್ಣ ಓದುವ ಚಾಳೀಸು ಕಣ್ಣಿಂದ ತೆಗೆದ. “ಅದು ಹಿಂದೂ ದೇವರ ಹೆಸರು.”

“ಪುರುಷೋತ್ತಮ ಅಲ್ರಿ. ಪುರಸೊತ್ತು. ನಮ್ಮನಿಯಾಗ ವಾರೆಲ್ಲ ಬಿದ್ದಿರತೈತಿ ಅಂತ ನೀವಽ ಅಂತೀರಲ್ಲ, ಅದು. ಮದುವಿ ಆಗಿ ಬಂದಾಗಿಂದ ಹುಡುಕಾಕತ್ತೀನಿ, ಕಣ್ಣಿಗೇ ಬಿದ್ದಿಲ್ಲ. ಅದಕ್ಕಽ ಒಂದು ಹಡೆದೀನಿ.”

ಮೊದಲು ನಕ್ಕವಳು ಮಾರೆಮ್ಮ. ಆಮೇಲೆ ಹೆಂಗಸರ ಚಾಪೆಯೇ ನಕ್ಕಿತು. ಪಾಲಯ್ಯ ನೀರು ಮುಟ್ಟಿಸಿ, ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದ. ಬಸ್ಸು ಹೋಗಿತ್ತು. ಕುರುಗೋಡಿಗೆ ನಡೆದೇ ಹೊರಟ.

ಸೋಮವಾರ ಮಾರೆಮ್ಮ ಕೂಸನ್ನು ಬಿಟ್ಟು ಒಬ್ಬಳೇ ಊರಿಗೆ ಹೋದಳು. ಅವಳು ಗೇಟು ದಾಟಿದ ಮೇಲೆ ರಂಗಣ್ಣ ಎಮ್ಮೆಯ ವಿಷಯ ಹಿಡಿದುಕೊಂಡು ಬಾಗಿಲಲ್ಲಿ ನಿಂತ.

“ಪುರಸೊತ್ತು ಐತೇನ್ರಿ?” ಎಂದು ಅಭ್ಯಾಸದಂತೆ ಕೂಗಿದ.

“ಐತ್ರಿ,” ಒಳಗಿನಿಂದ ಅಂಬಮ್ಮ ಹೇಳಿದಳು. “ಈಗ ತೊಟ್ಲಾಗ ಮಲಗೈತಿ. ಎಬ್ಬಿಸಬ್ಯಾಡ್ರಿ.”