ತಟ್ಟೆಯಲ್ಲಿ ಉಳಿದ ತುಂಡು

ಜಿಸ್ಲೇನಿ ಹದಿನೇಳನೆಯ ತಟ್ಟೆಯನ್ನು ಬಕೆಟ್ಟಿನ ಮೇಲೆ ಬಗ್ಗಿಸಿ ಚಮಚದಿಂದ ಕೆರೆದಳು. ಹೆಬ್ಬೆರಳಿನಷ್ಟು ಗಾತ್ರದ ನೇರಳೆ ತುಂಡೊಂದು ಜಾರಿ ಬಿತ್ತು. ಹದಿನೆಂಟನೆಯದರಲ್ಲೂ ಒಂದು. ಹತ್ತೊಂಬತ್ತರಲ್ಲೂ.

ಶಾಲೆಯ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದ ದೆಯೊಲಿಂದಾಳಿಗೆ ಆ ಸದ್ದು ನದಿಯ ಆಚೆ ದಡದಿಂದ ಬರುತ್ತಿರುವಂತೆ ಕೇಳಿಸಿತು. ಮಂಜು ಇನ್ನೂ ಕರಗಿರಲಿಲ್ಲ. ಅಂಗಳ, ದೋಣಿಗಟ್ಟೆ, ಬಾಳೆಯ ಇಳಿಜಾರು ಎಲ್ಲ ಹಾಲಿನಲ್ಲಿ ಅದ್ದಿಟ್ಟ ಹಾಗಿದ್ದವು. ಆ ಬಿಳುಪಿನೊಳಗೆ ಮಕ್ಕಳ ನಗು ಓಡಾಡುತ್ತಿತ್ತು; ಮಕ್ಕಳು ಕಾಣುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವಳಿಗೆ ಹೀಗೇ ಆಗುತ್ತಿತ್ತು. ತನ್ನ ಹೊಲದ ಕರಾ ಗೆಣಸು ಹಂಡೆಯಲ್ಲಿ ಬೇಯುತ್ತಿದ್ದಾಗ ಹಬೆಗೂ ನೇರಳೆ ಬಣ್ಣ ಬಂದು, ಅದು ಕಿಟಕಿಯಿಂದ ಹೊರಟು, ಊರ ಮೇಲೆ ನಿಧಾನವಾಗಿ ಹಾಸಿಕೊಂಡಂತೆ ಕಂಡಿತ್ತು.

ಆ ಗೆಣಸು ಈಗ ಇಡೀ ಕಣಿವೆಯಲ್ಲಿ ಉಳಿದಿರುವುದು ಅವಳೊಬ್ಬಳ ಹೊಲದಲ್ಲಿ. ಪುರಸಭೆ ಶಾಲೆಯ ಊಟಕ್ಕೆ ಕೊಂಡರೆ ಅದು ಇರುತ್ತದೆ. ಇಲ್ಲದಿದ್ದರೆ ಬರುವ ಬಿತ್ತನೆಗೆ ಅಲ್ಲೂ ಬಾಳೆ. ಮನೆಯಲ್ಲಿ ಹಾಗೆಂದು ಮಾತಾಗಿತ್ತು. ಕೊಳ್ಳುವ ಮೊದಲು ಮಕ್ಕಳು ತಿನ್ನುತ್ತಾರೋ ಇಲ್ಲವೋ ನೋಡಬೇಕೆಂದು ಪುರಸಭೆಯ ಆಹಾರ ತಜ್ಞೆ ಜಿಸ್ಲೇನಿ ತಕ್ಕಡಿ ಹಿಡಿದುಕೊಂಡು ದೋಣಿಯಲ್ಲಿ ಬಂದಿದ್ದಳು. ಬಡಿಸಿದ್ದರಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಉಳಿಯಬಾರದು.

ನಲವತ್ತೊಂದು ತಟ್ಟೆ ಮುಗಿದವು. ಜಿಸ್ಲೇನಿ ಬಕೆಟ್ಟನ್ನು ತಕ್ಕಡಿಗಿಟ್ಟು ಬಹಳ ಹೊತ್ತು ಮುಳ್ಳನ್ನೇ ನೋಡಿದಳು.

"ಎಂಟು ಕಿಲೋ ಬಡಿಸಿದ್ವಿ. ಒಂದು ಕಿಲೋ ನೂರು ಗ್ರಾಂ ವಾಪಸ್ಸು ಬಂದಿದೆ."

"ನಿನ್ನ ತಕ್ಕಡಿಗೆ ಜ್ವರ ಬಂದಿರ್ಬೇಕು ಮಗಳೇ," ಎಂದಳು ಅಡುಗೆಯ ಒತಿಲಿಯಾ. "ಆ ಸಣ್ಣವಳು ನಾಲಗೆ ಚಾಚಿ ತೋರಿಸಿದ್ದು ನೋಡ್ಲಿಲ್ವಾ? ನೇರಳೆ ಹಣ್ಣಿನ ಮರಾನೇ ನುಂಗಿದ ಹಾಗಿತ್ತು."

"ನೋಡ್ದೆ. ಅದಕ್ಕೇ ಅರ್ಥ ಆಗ್ತಿಲ್ಲ. ಎಲ್ಲರೂ ಒಂದೊಂದೇ ತುಂಡು ಬಿಟ್ಟಿದಾರೆ, ಅಳತೆ ಮಾಡಿದ ಹಾಗೆ."

ಒತಿಲಿಯಾ ದೆಯೊಲಿಂದಾಳ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ತಟ್ಟೆಯಲ್ಲಿ ಆ ಒಂದು ತುಂಡು ಬಿಡುವುದನ್ನು ಈ ದಡದಲ್ಲಿ ಯಾರೂ ಉಳಿಸುವುದು ಎಂದು ಕರೆಯುತ್ತಿರಲಿಲ್ಲ. ಆದ್ದರಿಂದ ಮೊದಲೇ ಹೇಳಿಡಬೇಕೆಂದು ಯಾರಿಗೂ ತೋಚಿರಲಿಲ್ಲ.

"ಅದು ಅವಳದು," ಎಂದಳು ದೆಯೊಲಿಂದಾ.

"ಯಾರದು ಅಮ್ಮಾ?"

"ಹಿಂದಿನ ಕಾಲದಲ್ಲಿ ಧಣಿಗಳ ತೋಟದ ಗುಲಾಮಗಿರಿಯಿಂದ ಓಡಿ ಬಂದವಳದು. ಸೊಂಟಕ್ಕೆ ಈ ಗೆಣಸು ಕಟ್ಟಿಕೊಂಡು ನದಿ ದಾಟಿದ್ಲು. ಹಸಿವಾಗಿತ್ತು, ತಿನ್ಲಿಲ್ಲ. ನೆಟ್ಲು. ನಾವು ಕೂತು ಕರಾ ತಿನ್ನೋವಾಗ ಅವಳದೊಂದು ತುಂಡು ತಟ್ಟೇಲಿರುತ್ತೆ, ಅಷ್ಟೇ."

ಜಿಸ್ಲೇನಿ ಬಕೆಟ್ಟಿನೊಳಗೆ ಇಣುಕಿದಳು. ದೆಯೊಲಿಂದಾಳೂ ಇಣುಕಿದಳು. ನಲವತ್ತೊಂದು ತುಂಡುಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಯಾರೋ ನೀರಿನಿಂದ ಮೇಲೆದ್ದು, ಲಂಗದ ಅಂಚು ಹಿಂಡಿ, ಊಟಕ್ಕೆ ಕೂರಲು ಜಾಗ ಹುಡುಕುತ್ತಿದ್ದಾರೆ ಎಂದು ದೆಯೊಲಿಂದಾಳಿಗೆ ಅನ್ನಿಸಿತು. ಇಷ್ಟು ಮಕ್ಕಳು ಅವಳನ್ನು ಮರೆತಿಲ್ಲ. ಅವಳ ಎದೆ ತುಂಬಿ ಬಂತು. ಮರುಕ್ಷಣವೇ ತನ್ನ ಹೊಲದ ತುಂಬ ಬಾಳೆಯ ಎಲೆಗಳು ಅಲ್ಲಾಡಿದಂತೆ ಕಂಡಿತು.

"ಅದನ್ನ ಪಕ್ಕಕ್ಕೆ ತೆಗೆದಿಟ್ಟು ತೂಗು," ಎಂದಳು.

"ಆಗಲ್ಲಮ್ಮ. ತಟ್ಟೇಲಿ ಉಳಿದದ್ದೆಲ್ಲ ಉಳಿದದ್ದೇ. ಎಲ್ಲಾ ಶಾಲೆಗೂ ಒಂದೇ ಕ್ರಮ."

"ಸತ್ತೋರಿಗೆ ಬಡಿಸೋಕೆ ನಿಮ್ಮ ಕಾಗದದಲ್ಲಿ ಜಾಗ ಇಲ್ವಾ?" ಎಂದಳು ಒತಿಲಿಯಾ.

"ಬದುಕಿರೋ ಮೇಷ್ಟ್ರಿಗೇ ಇಲ್ಲ, ಒತಿಲಿಯಕ್ಕ."

ಮೂವರೂ ನಕ್ಕರು. ನಗು ಬೇಗ ನಿಂತಿತು. ಜಿಸ್ಲೇನಿ ಪೆನ್ನಿನ ಮುಚ್ಚಳ ಹಾಕಿ, ಸ್ಟೂಲನ್ನು ದೆಯೊಲಿಂದಾಳ ಹತ್ತಿರಕ್ಕೆಳೆದುಕೊಂಡು ಕೂತಳು.

"ಅಮ್ಮಾ, ನಾನಿನ್ನೂ ಏನೂ ಬರೆದಿಲ್ಲ. ರಾತ್ರಿ ಇಲ್ಲೇ ಉಳಿದು ನಾಳೆ ಮತ್ತೆ ತೂಗ್ತೀನಿ. ನೀವು ಮಕ್ಕಳಿಗೆ ಒಂದು ಮಾತು ಹೇಳಿ. ನಾಳೆ ಒಂದು ದಿನ, ಒಂದೇ ಒಂದು ಊಟ, ತಟ್ಟೆ ಪೂರ್ತಿ ಖಾಲಿ ಮಾಡ್ಲಿ. ನೀವು ಹೇಳಿದ್ರೆ ಕೇಳ್ತಾರೆ. ಆಮೇಲೆ ವರ್ಷವಿಡೀ ನಿಮ್ಮ ಗೆಣಸೇ ಬೇಯುತ್ತೆ, ಅವರಿಗೆ ಬೇಕಾದಷ್ಟು ಬಿಡ್ಲಿ. ಅವಳಿಗೂ ಗೊತ್ತಾಗುತ್ತಲ್ವಾ, ಇದು ಅವಳ ಗೆಣಸು ಉಳೀಲಿ ಅಂತಲೇ ಮಾಡಿದ್ದು?"

ಹೊರಗೆ ಮಂಜಿನಲ್ಲಿ ಯಾವುದೋ ಮಗು ಎಣಿಸುತ್ತಿತ್ತು. ಉಳಿದವರು ಅಡಗಿಕೊಳ್ಳಲು ಓಡುತ್ತಿದ್ದರು.

"ಹೇಳಲ್ಲ," ಎಂದಳು ದೆಯೊಲಿಂದಾ. "ಒಂದು ಊಟಕ್ಕೂ ಅವಳನ್ನ ಹಸಿದು ಕೂರಿಸಲ್ಲ."