ಕಾರಣವಿಲ್ಲದ ಬ್ರೇಕ್

ಮೂರನೆಯ ತಿರುವು ದಾಟಿದ್ದೇ ತಡ, ಎದುರಿಗೆ ಮಂಜು ಇಳಿಯಿತು. ದೊಡ್ಡಣ್ಣನ ಬಲಗಾಲು ಯಾರ ಅಪ್ಪಣೆಗೂ ಕಾಯದೆ ಆಕ್ಸಿಲರೇಟರ್ ಬಿಟ್ಟು ಬ್ರೇಕಿನ ಮೇಲೆ ಹೋಗಿ ಕೂತಿತು. ಒಳಗೆ ನಿಂತವರು ಮುಗ್ಗರಿಸಬಾರದಲ್ಲ, ಮೆತ್ತಗೆ ಒತ್ತಿದ. ಪರದೆಯ ಮೇಲಿನ ಕೆಂಪು ಕಾರು ತೆವಳತೊಡಗಿತು. ಪಕ್ಕದ ಕನ್ನಡಿ ನೋಡಲು ತಲೆ ಹೊರಳಿಸಿದರೆ ಅಲ್ಲಿ ಕನ್ನಡಿ ಎಲ್ಲಿಂದ ಬರಬೇಕು, ಸುಣ್ಣ ಉದುರಿದ ಗೋಡೆ ಇತ್ತು.

"ಎರಡು ನಿಮಿಷ ನಲವತ್ತೊಂದು ಸೆಕೆಂಡು," ಎಂದು ಡಿಪೋ ಮ್ಯಾನೇಜರ್ ಪರದೆ ನೋಡಿ ಓದಿದ. "ಎರಡು ನಿಮಿಷ ಹತ್ತರೊಳಗೆ ಬರಬೇಕಪ್ಪ. ಇನ್ನೆರಡು ಚಾನ್ಸ್ ಇದೆ."

ಬಟ್ಟೆ ಕಾರ್ಖಾನೆಯ ಹೆಂಗಸರನ್ನು ಪಾಳಿಗೆ ಕರೆತಂದು, ಪಾಳಿ ಮುಗಿದ ಮೇಲೆ ಮನೆ ಮುಟ್ಟಿಸುವ ಬಸ್ಸುಗಳಿಗೆ ಮೂವತ್ತೆಂಟು ಡ್ರೈವರುಗಳಿದ್ದರು. ಹದಿನೆಂಟು ಜನ ಸಾಕು ಎಂದು ಕಂಪನಿಗೆ ಹೊಳೆಯಿತು. ಆದರೆ ಇಂಥವನನ್ನು ತೆಗೆಯಿರಿ ಎಂದು ಬಾಯಿಬಿಟ್ಟು ಹೇಳುವ ಎದೆಗಾರಿಕೆ ಯಾವ ಸಾಹೇಬನಿಗೂ ಇರಲಿಲ್ಲ. ಆ ಪಾಪವನ್ನು ಹೊರಲು ಒಂದು ಕಂಪ್ಯೂಟರನ್ನು ಮುಂದೆ ಮಾಡಿದರು. ಬಸ್ ಓಡಿಸುವುದನ್ನು ಅಳೆಯುವ ಯಂತ್ರ ದುಬಾರಿಯೆಂದು, ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿಗೆ ಕಾರ್ ರೇಸಿನ ಆಟವೊಂದನ್ನು ತುಂಬಿದರು. ಮೇಜಿಗೆ ಸ್ಕ್ರೂ ಬಿಗಿದು ನಿಲ್ಲಿಸಿದ, ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಸ್ಟೇರಿಂಗು. ತುಳಿದರೆ ಹಿಂದಕ್ಕೆ ಜಾರುವ ಪೆಡಲುಗಳು, ಅವು ಜಾರದಂತೆ ಹಿಂದೆ ಎರಡು ಇಟ್ಟಿಗೆ. ನೋಟೀಸ್ ಬೋರ್ಡಿನಲ್ಲಿ ಮಾತ್ರ 'ವೈಜ್ಞಾನಿಕ ಚಾಲನಾ ಪರೀಕ್ಷೆ' ಎಂದು ಟೈಪ್ ಮಾಡಿ ಅಂಟಿಸಿದ್ದರು.

ಕಂಪ್ಯೂಟರ್ ನೋಡಿಕೊಳ್ಳುವ ಮೇಡಂ ಮುಂದಿನ ಸುತ್ತಿಗೆ ಆಟವನ್ನು ಸಜ್ಜುಮಾಡುತ್ತಾ ದೊಡ್ಡಣ್ಣನ ಕಡೆ ಬಗ್ಗಿದಳು.

"ಅಣ್ಣ, ಅಲ್ಲಿ ಯಾಕೆ ನಿಧಾನ ಮಾಡಿದ್ರಿ?"

"ಮಂಜಿತ್ತಲ್ಲ ಮೇಡಂ."

"ಅದು ಮಂಜಲ್ಲ." ಮ್ಯಾನೇಜರನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ರಸ್ತೆ, ಮರ, ಗುಡ್ಡ ಎಲ್ಲಾನೂ ಈ ಮಷಿನ್ನು ಗಳಿಗೆ ಗಳಿಗೆಗೂ ಹೊಸದಾಗಿ ಬರೀಬೇಕು. ಸೆಕೆಂಡಿಗೆ ಹನ್ನೆರಡು ಚಿತ್ರ ಬರೆಯೋ ಹೊತ್ತಿಗೇ ಇದಕ್ಕೆ ಏದುಸಿರು ಬರುತ್ತೆ. ದೂರದ್ದನ್ನೂ ಬರಿ ಅಂದ್ರೆ ಆಗಲ್ಲ. ಅದಕ್ಕೆ, ಬರೆಯೋಕೆ ಆಗದೇ ಇರೋದನ್ನ ಮಂಜು ಹಾಕಿ ಮುಚ್ಚಿಬಿಡುತ್ತೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ರಸ್ತೆ ಕೊನೇತನಕ ಕಾಣೋದು. ಕಾರ್ಡ್ ಬೇಕು ಅಂತ ಬರೆದುಕೊಟ್ಟಿದ್ದೆ. ಬೇಡ ಅಂದ್ರು."

"ಕೈಲಾಗದ್ದನ್ನ ಮಂಜು ಹಾಕಿ ಮುಚ್ಚೋದಾ?" ಬಾಗಿಲಿಗೊರಗಿ ನಿಂತಿದ್ದ ಹಾರ್ನ್ ಬಾಯಿ ಹಾಕಿದ. ಖಾಲಿ ರಸ್ತೆಯಲ್ಲೂ ಹಾರ್ನ್ ಬಾರಿಸುವ ಆ ಡ್ರೈವರನನ್ನು ಹೆಂಡತಿ ಕೂಡ ಹಾಗೇ ಕರೆಯುತ್ತಾಳೆಂದು ಡಿಪೋದಲ್ಲಿ ಹೇಳಿಕೊಂಡು ನಗುತ್ತಿದ್ದರು. "ಹಾಗಾದ್ರೆ ಇದು ಮಷಿನ್ನಲ್ಲ ಮೇಡಂ, ನಮ್ಮ ಆಡಳಿತ ಮಂಡಳಿ."

ಸಾಲಿನಲ್ಲಿದ್ದವರು ನಕ್ಕರು. ಮ್ಯಾನೇಜರ್ ಕೆಮ್ಮಿದ. ನಗು ನಿಂತಿತು.

ದೊಡ್ಡಣ್ಣ ಎದ್ದು ಮ್ಯಾನೇಜರನ ಮೇಜಿನ ಮುಂದೆ ಹೋಗಿ ನಿಂತ. "ಸಾರ್, ನನ್ನನ್ನ ಬಸ್ಸಿನಲ್ಲಿ ಕೂರಿಸಿ ನೋಡಿ. ನೀವೇ ಹಿಂದೆ ಕೂತ್ಕೊಳ್ಳಿ. ಲೋಟದಲ್ಲಿ ನೀರಿಟ್ಟುಕೊಂಡು ಕೂತ್ಕೊಳ್ಳಿ ಬೇಕಾದ್ರೆ, ಒಂದು ಹನಿ ಚೆಲ್ಲಲ್ಲ."

"ಬಸ್ಸಿಗೆ ಡೀಸೆಲ್ ಬೇಕಲ್ಲಪ್ಪ."

"ಈ ಮಂಜು ಸುಳ್ಳು ಮಂಜಂತೆ ಸಾರ್."

"ಸುಳ್ಳೋ ನಿಜವೋ, ಎಲ್ಲರಿಗೂ ಒಂದೇ ಮಂಜು ತಾನೇ? ಇದರಲ್ಲಿ ಅನ್ಯಾಯ ಎಲ್ಲಿಂದ ಬಂತು?" ಮ್ಯಾನೇಜರ್ ಹಾಳೆಯಿಂದ ತಲೆ ಎತ್ತಲಿಲ್ಲ. "ಊಟ ಮಾಡ್ಕೊಂಡು ಬಾ. ಒಂದು ಗಂಟೆಗೆ ನಿನ್ನ ಎರಡನೇ ಸುತ್ತು."

ಹಾರ್ನ್ ಬೆಳಿಗ್ಗೆಯೇ ಒಂದು ನಿಮಿಷ ಐವತ್ತೆಂಟಕ್ಕೆ ಮುಗಿಸಿ ಗೆದ್ದಿದ್ದ. ಅವನ ಭಾವಮೈದನದು ವಿಡಿಯೋ ಗೇಮಿನ ಅಂಗಡಿ. ಅಲ್ಲಿ ಈ ಆಟದ ಮೇಲೆ ಹಾರ್ನ್ ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಕ್ಯಾಂಟೀನಿನ ಮೇಜಿನ ಮೇಲೆ ನೀರು ಚೆಲ್ಲಿ, ಬೆರಳಿನಲ್ಲಿ ತಿರುವು ಬರೆದು ತೋರಿಸಿದ.

"ಬಸ್ಸನ್ನ ಮರೆತುಬಿಡಿ ಅಣ್ಣ. ನೇರ ರಸ್ತೆ ಇರೋವಾಗಲೇ ಬ್ರೇಕು ಬಲವಾಗಿ ತುಳಿದು ಬಿಟ್ಟುಬಿಡಿ. ತಿರುವಿನೊಳಗೆ ತುಳಿದ್ರೆ ಗಿರಗಿರ ಸುತ್ತುತ್ತೆ. ಹೊರಗಿನ ಅಂಚಿನಿಂದ ಬಂದು, ಒಳಗಿನ ಅಂಚು ಸವರಿ, ಮತ್ತೆ ಹೊರಗೆ. ಚಿತ್ರ ತಡವಾಗಿ ಬರುತ್ತೆ, ಕಣ್ಣಿಗೆ ಕಂಡಮೇಲೆ ಸ್ಟೇರಿಂಗ್ ತಿರುಗಿಸಿದ್ರೆ ಕೆಟ್ಟಿರಿ. ಒಂಚೂರು ಮುಂಚೆನೇ ತಿರುಗಿಸಬೇಕು. ಮಂಜು ಬಂದ್ರೆ ಕಾಲು ಎತ್ತಲೇಬೇಡಿ."

"ಒಳಗೆ ಏನಾದ್ರೂ ಇದ್ರೆ?"

"ಏನೂ ಇಲ್ಲ. ಅಲ್ಲಿ ರಸ್ತೆನೇ ಇಲ್ಲ ಅಣ್ಣ. ನೀವು ಹೋದ್ಮೇಲೆ ಹುಟ್ಟುತ್ತೆ."

"ಏನೂ ಇಲ್ಲ ಅಂದ್ಕೊಂಡು ಮುಂದೆ ನುಗ್ಗೋದನ್ನ ಇಪ್ಪತ್ತಾರು ವರ್ಷದಲ್ಲಿ ನಾನು ಕಲೀಲಿಲ್ಲ ಮಾರಾಯ."

"ಈಗ ಅರ್ಧ ಗಂಟೇಲಿ ಕಲೀರಿ. ಅತ್ತಿಗೆ ಮುಂದೆ ಹೋಗಿ ನಿಂತು ಏನು ಹೇಳ್ತೀರಿ, ಆಟದಲ್ಲಿ ಸೋತೆ ಅಂತಲಾ?"

ಐವತ್ತೊಂದು ದಾಟಿದ ಡ್ರೈವರನಿಗೆ ಇನ್ನೊಂದು ಕಂಪನಿಯ ಗೇಟು ತೆರೆಯುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಮೇಜಿನ ಮೇಲಿನ ನೀರಿನ ತಿರುವನ್ನು ದೊಡ್ಡಣ್ಣ ತನ್ನ ಬೆರಳಿನಲ್ಲಿ ಮತ್ತೆ ಮತ್ತೆ ತೀಡಿದ.

ಎರಡನೆಯ ಸುತ್ತಿನಲ್ಲಿ ಮಂಜು ಕಂಡು ಕಾಲು ಆಕ್ಸಿಲರೇಟರಿನಿಂದ ಎದ್ದಿತು, ಆದರೆ ಕೂಡಲೇ ಮತ್ತೆ ಅದರ ಮೇಲೆಯೇ ಇಳಿಯಿತು. ಒಳಗಿನ ಅಂಚನ್ನು ಸವರುವಾಗ ಚಕ್ರ ಹುಲ್ಲಿನ ಮೇಲೆ ಹತ್ತಿತು. ಯಾರದೋ ಮನೆಯಂಗಳಕ್ಕೆ ನುಗ್ಗಿದಂತಾಗಿ ಅವನ ಕಿವಿ ಬಿಸಿಯಾಯಿತು. ಎರಡು ನಿಮಿಷ ಹದಿನಾರು. "ಆಗುತ್ತೆ, ಆಗುತ್ತೆ," ಎಂದಳು ಮೇಡಂ. ಇನ್ನು ಆರೇ ಸೆಕೆಂಡು.

ಕೊನೆಯ ಸುತ್ತಿಗೆ ಚಪ್ಪಲಿ ಬಿಟ್ಟು ಕೂತ. ಮೂರನೆಯ ತಿರುವಿನ ಮಂಜು ಬಂದಾಗ ಹಲ್ಲು ಕಚ್ಚಿದ, ಕಾಲು ಎತ್ತಲಿಲ್ಲ. ಬಿಳುಪಿನೊಳಗಿಂದ ರಸ್ತೆ ಚಾಪೆ ಸುರುಳಿ ಬಿಚ್ಚಿದ ಹಾಗೆ ಬಂದು ಚಕ್ರದಡಿ ಹಾಸಿಕೊಂಡಿತು. ಮರಗಳು ನೆಟ್ಟಗೆ ಎದ್ದು ನಿಂತವು, ಹಿಂದೆ ಸರಿದವು. ನಾಲ್ಕು, ಐದು, ಹಾರ್ನ್ ಹಿಂದೆ ನಿಂತು ಎಣಿಸುತ್ತಿದ್ದ. ಇದು ಸಾಧ್ಯ ಎಂದು ದೊಡ್ಡಣ್ಣನಿಗೆ ಅನಿಸಿತು. ನಾಚಿಕೆ ಬಿಟ್ಟರೆ ಸಾಕು, ಎಲ್ಲವೂ ಸಾಧ್ಯ. ಆರನೆಯ ತಿರುವಿನಲ್ಲಿ ಪರದೆಯ ಗಡಿಯಾರ ಒಂದು ನಿಮಿಷ ಮೂವತ್ತೈದು ತೋರಿಸುತ್ತಿತ್ತು.

ಏಳನೆಯದರಲ್ಲಿ, ಮಂಜಿನ ಅಂಚಿಗೆ, ಆಳೆತ್ತರದ ಕಪ್ಪು ಆಕಾರವೊಂದು ಅರ್ಧ ಮೂಡಿ ನಿಂತಿತು.

ಈ ಸಲ ಮೆತ್ತಗೆ ಒತ್ತಲಿಲ್ಲ. ಬಲಗಾಲು ಬ್ರೇಕನ್ನು ಇಟ್ಟಿಗೆ ಸಮೇತ ಹಿಂದಕ್ಕೆ ದಬ್ಬಿತು, ಇಲ್ಲದ ಕ್ಲಚ್ಚನ್ನು ಹುಡುಕಿ ಎಡಗಾಲು ನೆಲಕ್ಕೆ ಬಡಿಯಿತು. ಕಾರು ಎರಡು ಸುತ್ತು ತಿರುಗಿ, ಹುಲ್ಲಿನಲ್ಲಿ ಹಿಂದುಮುಂದಾಗಿ ನಿಂತಿತು.

"ಏನಣ್ಣ ಇದು," ಹಾರ್ನ್ ಹಣೆ ಚಚ್ಚಿಕೊಂಡ. "ಇನ್ನೊಂದೇ ಒಂದು ತಿರುವು ಇತ್ತು."

"ಯಾರೋ ನಿಂತಿದ್ರು."

"ಕಂಬ ಅಣ್ಣ ಅದು. ಜಾಹೀರಾತು ಬೋರ್ಡಿನ ಕಂಬ."

"ಕಂಬ ಅಂತ ಹತ್ತಿರ ಹೋದಮೇಲೆ ತಾನೇ ಗೊತ್ತಾಗೋದು?"

ಪರದೆಯ ಗಡಿಯಾರ ಮಾತ್ರ ಓಡುತ್ತಿತ್ತು. ಎರಡು ಹತ್ತು ದಾಟಿತು, ಎರಡು ಇಪ್ಪತ್ತು ದಾಟಿತು. ಮೇಡಂ ಒಂದು ಗುಂಡಿ ಒತ್ತಿ ನಿಲ್ಲಿಸಿದಳು.

ಮ್ಯಾನೇಜರ್ ಫಾರಂ ತೆಗೆದು ದುಂಡಗಿನ ಅಕ್ಷರದಲ್ಲಿ ತುಂಬಿದ. 'ಅನುತ್ತೀರ್ಣಕ್ಕೆ ಕಾರಣ' ಎಂಬ ಗೆರೆಯ ಮೇಲೆ 'ಕಾರಣವಿಲ್ಲದೆ ಬ್ರೇಕ್ ಹಾಕುವ ಅಭ್ಯಾಸ' ಎಂದು ಬರೆದು ದೊಡ್ಡಣ್ಣನ ಕಡೆ ತಿರುಗಿಸಿದ.

ದೊಡ್ಡಣ್ಣ ಎರಡು ಸಲ ಓದಿದ. "ನಿಧಾನ ಅಂತ ಬರೀರಿ ಸಾರ್. ವಯಸ್ಸಾಯ್ತು ಅಂತ ಬರೀರಿ. ಇದೊಂದು ಬೇಡ."

"ಕಂಡದ್ದನ್ನ ಬರೀತೀನಿ. ಮೇಡಂ, ರಸ್ತೆ ಮೇಲೆ ಏನಾದ್ರೂ ಇತ್ತಾ?"

ಮೇಡಂ ವೈರಿನ ಸಿಕ್ಕು ಬಿಡಿಸುತ್ತಿದ್ದಳು. ಅವಳದೂ ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ಇದೇ ಮ್ಯಾನೇಜರನ ಸಹಿಯಿಂದ ಮುಂದುವರಿಯುವಂಥದ್ದು. "ಇರಲಿಲ್ಲ ಸಾರ್," ಎಂದಳು, ವೈರಿಗೆ ಹೇಳುವಂತೆ.

"ನೋಡಿದ್ಯಾ? ಸಹಿ ಹಾಕು. ಗೇಟು ಕಾಯೋ ಕೆಲಸಕ್ಕೆ ನಿನ್ನ ಹೆಸರು ಕಳಿಸಿ ನೋಡ್ತೀನಿ. ಹಾಕಲ್ಲ ಅಂದ್ರೆ ಅದೂ ಇಲ್ಲ."

ದೊಡ್ಡಣ್ಣ ಸಾಲಿನ ಕಡೆ ನೋಡಿದ. ಬೆಳಿಗ್ಗೆ ಗೇಟಿನ ಹೊರಗೆ 'ಒಬ್ಬನನ್ನು ಮುಟ್ಟಿದರೆ ಎಲ್ಲರೂ ಚಾವಿ ಎಸೆಯುತ್ತೇವೆ' ಎಂದಿದ್ದವರೆಲ್ಲ ಈಗ ತಮ್ಮ ತಮ್ಮ ಸರದಿಯ ಚೀಟಿ ನೋಡಿಕೊಳ್ಳುತ್ತಿದ್ದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಹದಿನೆಂಟು ಕುರ್ಚಿಗೆ ಮೂವತ್ತೆಂಟು ಜನರನ್ನು ಓಡಲು ಬಿಟ್ಟವನು ಆ ಕೋಣೆಯಲ್ಲಿರಲಿಲ್ಲ, ಎಂದೂ ಇರುವುದಿಲ್ಲ. ದೊಡ್ಡಣ್ಣ ಪೆನ್ನು ಎತ್ತಿಕೊಂಡ. ಅರ್ಧ ಹೆಸರಿಗೆ ಅದು ಕೈಕೊಟ್ಟಿತು. ಮ್ಯಾನೇಜರ್ ತನ್ನ ಜೇಬಿನದನ್ನು ಕೊಟ್ಟ. ಅರ್ಧ ನೀಲಿ, ಅರ್ಧ ಕಪ್ಪು.

ಅಂಗಳದಲ್ಲಿ ಮೊದಲ ಪಾಳಿ ಮುಗಿಸಿದ ಹೆಂಗಸರು ಆಗಲೇ ದೊಡ್ಡಣ್ಣನ ಬಸ್ಸು ಹತ್ತಿ ಕೂತಿದ್ದರು. ಹಾರ್ನ್ ಚಾವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಿನ ಚಕ್ರದ ಹತ್ತಿರ ನಿಂತಿದ್ದ. ನೆಲ ನೋಡುತ್ತಾ, "ನಿಮ್ಮ ಸಾಮಾನು ಒಳಗಿದೆ ಅಣ್ಣ. ನಾನು ಮುಟ್ಟಿಲ್ಲ," ಎಂದ.

ದೊಡ್ಡಣ್ಣ ಮೆಟ್ಟಿಲು ಹತ್ತಿ ಟವೆಲು, ನೀರಿನ ಬಾಟಲಿ, ಕನ್ನಡಕದ ಡಬ್ಬಿ ತೆಗೆದುಕೊಂಡ. ಬಸ್ಸು ಇನ್ನೂ ಹೊರಟೇ ಇರಲಿಲ್ಲ, ಆಗಲೇ ಅರ್ಧ ಜನ ನಿದ್ದೆಹೋಗಿದ್ದರು. ಮುಂದಿನ ಸೀಟಿನ ಹೆಂಗಸೊಬ್ಬಳು ಕಿಟಕಿಯ ಗಾಜಿಗೆ ಹಣೆಯಾನಿಸಿದ್ದಳು. ಅವಳ ಬಾಯಿ ಚೂರು ತೆರೆದಿತ್ತು, ತಲೆಗೂದಲಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಅವನು ಕೆಳಗಿಳಿದು, ಎಳೆದರೆ ಕಿರುಗುಟ್ಟುವ ಬಾಗಿಲನ್ನು ಎರಡೂ ಕೈಯಿಂದ ಒಂಚೂರು ಮೇಲಕ್ಕೆತ್ತಿ ಹಿಡಿದು, ಸದ್ದಾಗದಂತೆ ಮುಚ್ಚಿದ.